ಕೀಮೋ ಎಂದರೆ ಏನು?



ಕ್ಯಾನ್ಸರ್ ಎಂಬ ಮಾತು ನೀವೆಲ್ಲ ಕೇಳಿದ್ದೀರಿ. ಕೀಮೋ ಎಂಬ ಮಾತನ್ನೂ ಕೆಲವರು ಕೇಳಿರಬಹುದು. "ಕೀಮೋ ಕೊಟ್ಟರೆ ಕೂದಲು ಉದುರುತ್ತೆ." "ಕೀಮೋ ತಗೊಂಡವರು ಉಳಿಯಲ್ಲ." ಹೀಗೆ ಬಾವಿಕಟ್ಟೆಯಲ್ಲಿ, ಸಂತೆಯಲ್ಲಿ ಜನ ಮಾತಾಡುತ್ತಾರೆ. ಇದರಲ್ಲಿ ನಿಜ ಯಾವುದು? ಸುಳ್ಳು ಯಾವುದು? ಈ ಪಾಠದಲ್ಲಿ ತಿಳಿಯೋಣ.

ಹೊಸ ಪದಗಳು

ಜೀವಕೋಶ – ಕೀಮೋಥೆರಪಿ – ಸುತ್ತು – ಅಡ್ಡ ಪರಿಣಾಮ – ಬಿಳಿ ರಕ್ತಕಣ – ಸೋಂಕು – ಥರ್ಮಾಮೀಟರ್

ಮೊದಲು ಈ ಪದಗಳನ್ನು ಜೋರಾಗಿ ಓದಿ. ಆಮೇಲೆ ಪಾಠ ಓದಿ.

1. ಅತ್ತೆ ಮತ್ತು ಸೊಸೆ

ತುಮಕೂರು ಕಡೆ ಒಂದು ಹಳ್ಳಿ. ಅಲ್ಲಿ ಒಂದು ಮನೆ. ಮನೆಯಲ್ಲಿ ಅತ್ತೆ, ಮಗ, ಸೊಸೆ, ಎರಡು ಮಕ್ಕಳು. ಎರಡು ಎಕರೆ ಹೊಲ. ಒಂದು ಹಸು. ಸೊಸೆ ಹಗಲೆಲ್ಲ ದುಡಿಯುತ್ತಾಳೆ. ರಾತ್ರಿ ಕಲಿಕಾ ಕೇಂದ್ರಕ್ಕೆ ಬಂದು ಓದು ಬರಹ ಕಲಿತಿದ್ದಾಳೆ.

ಅತ್ತೆಗೆ ಎದೆಯಲ್ಲಿ ಒಂದು ಗಂಟು ಕಾಣಿಸಿತು. ನೋವಿಲ್ಲ. ಅದಕ್ಕೇ ಅತ್ತೆ ಯಾರಿಗೂ ಹೇಳಲಿಲ್ಲ. ಗಂಟು ದೊಡ್ಡದಾಯಿತು. ಒಂದು ದಿನ ಸ್ನಾನ ಮಾಡಿಸುವಾಗ ಸೊಸೆ ನೋಡಿದಳು.

"ಅತ್ತೆ, ಇದೇನಿದು? ಎಷ್ಟು ದಿನ ಆಯ್ತು?"

"ಯುಗಾದಿಗೆ ಮುಂಚೇನೇ ಇತ್ತು ಕಣವ್ವ. ನೋವಿಲ್ಲವಲ್ಲ, ಬಿಡು."

ಸೊಸೆ ಬಿಡಲಿಲ್ಲ. ಊರಿನ ಆಶಾ ಕಾರ್ಯಕರ್ತೆಯನ್ನು ಕರೆದಳು. ಮೂವರೂ ಆಸ್ಪತ್ರೆಗೆ ಹೋದರು. ವೈದ್ಯರು ಸೂಜಿ ಹಾಕಿ ಗಂಟಿನ ಚೂರು ತೆಗೆದರು. ಅದನ್ನು ಪರೀಕ್ಷೆಗೆ ಕಳಿಸಿದರು. ಅದು ಸ್ತನ ಕ್ಯಾನ್ಸರ್ ಎಂದು ಗೊತ್ತಾಯಿತು.

ಅತ್ತೆಯನ್ನು ಬೆಂಗಳೂರಿಗೆ ಕರೆದುಕೊಂಡು ಹೋದರು. ಅಲ್ಲಿ ಆಪರೇಷನ್ ಆಯಿತು. ಗಾಯ ಮಾಯಿತು. ಆಗ ವೈದ್ಯರು ಹೇಳಿದರು:

"ಅಮ್ಮ, ಈಗ ಕೀಮೋ ಕೊಡಬೇಕು. ಆರು ಸುತ್ತು. 21 ದಿನಕ್ಕೆ ಒಂದು ಸುತ್ತು."

ಅತ್ತೆ ಕೇಳಿದರು: "ಗಂಟು ತೆಗೆದಾಯ್ತಲ್ಲ ಸ್ವಾಮಿ. ಮತ್ತೆ ಔಷಧ ಯಾಕೆ?"

ಇದು ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ತಿಳಿಯಬೇಕಾದರೆ ಕ್ಯಾನ್ಸರ್ ಎಂದರೆ ಏನು ಎಂದು ಮೊದಲು ತಿಳಿಯಬೇಕು.

2. ಹೊಲದ ಕಳೆ

ಮನೆಯನ್ನು ಇಟ್ಟಿಗೆಯಿಂದ ಕಟ್ಟುತ್ತಾರೆ. ನಮ್ಮ ಮೈ ಜೀವಕೋಶಗಳಿಂದ ಆಗಿದೆ. ಅವು ಬಹಳ ಸಣ್ಣವು. ಕಣ್ಣಿಗೆ ಕಾಣುವುದಿಲ್ಲ. ಹಳೆಯ ಜೀವಕೋಶ ಸಾಯುತ್ತದೆ. ಒಂದು ಜೀವಕೋಶ ಎರಡಾಗಿ ಒಡೆದು ಹೊಸದು ಹುಟ್ಟುತ್ತದೆ. ಎಷ್ಟು ಬೇಕೋ ಅಷ್ಟೇ ಹುಟ್ಟುತ್ತದೆ.

ಕೆಲವು ಸಲ ಒಂದು ಜೀವಕೋಶ ದಾರಿ ತಪ್ಪುತ್ತದೆ. ಬೇಡ ಎಂದರೂ ಒಡೆಯುತ್ತಲೇ ಹೋಗುತ್ತದೆ. ಒಂದು ಎರಡಾಗುತ್ತದೆ. ಎರಡು ನಾಲ್ಕಾಗುತ್ತದೆ. ನಾಲ್ಕು ಎಂಟಾಗುತ್ತದೆ. ಹೀಗೆ ಬೆಳೆದು ಗಡ್ಡೆ ಆಗುತ್ತದೆ. ಇದೇ ಕ್ಯಾನ್ಸರ್.

ರಾಗಿ ಹೊಲದಲ್ಲಿ ಕಳೆ ಬೆಳೆಯುತ್ತದಲ್ಲ, ಹಾಗೆ. ಕಳೆ ಪೈರಿನ ಸಾರ ತಿನ್ನುತ್ತದೆ. ಅದರ ಬೀಜ ಗಾಳಿಯಲ್ಲಿ ಹಾರಿ ಬೇರೆ ಕಡೆ ಬೀಳುತ್ತದೆ. ಕ್ಯಾನ್ಸರ್ ಕೂಡ ರಕ್ತದಲ್ಲಿ ಹರಿದು ಬೇರೆ ಅಂಗಕ್ಕೆ ಹೋಗಿ ಕೂರಬಹುದು.

ಕಳೆಯನ್ನು ನಾವು ಹೇಗೆ ತೆಗೆಯುತ್ತೇವೆ? ಕುಡುಗೋಲಿನಿಂದ ಕಿತ್ತು ಹಾಕುತ್ತೇವೆ. ಇಲ್ಲವೇ ಔಷಧ ಹೊಡೆಯುತ್ತೇವೆ. ಕ್ಯಾನ್ಸರಿಗೂ ಮುಖ್ಯವಾಗಿ ಮೂರು ದಾರಿ ಇವೆ.

ಒಂದು, ಆಪರೇಷನ್. ಗಡ್ಡೆಯನ್ನು ಕತ್ತರಿಸಿ ತೆಗೆಯುವುದು.

ಎರಡು, ವಿಕಿರಣ. ಜನ ಇದನ್ನು "ಕರೆಂಟು ಕೊಡೋದು" ಅನ್ನುತ್ತಾರೆ. ಇದು ಮನೆಯ ದೀಪದ ಕರೆಂಟು ಅಲ್ಲ. ಕಣ್ಣಿಗೆ ಕಾಣದ ಕಿರಣ. ಗಡ್ಡೆ ಇದ್ದ ಜಾಗಕ್ಕೆ ಮಾತ್ರ ಬಿಡುತ್ತಾರೆ.

ಮೂರು, ಕೀಮೋಥೆರಪಿ. ಚಿಕ್ಕದಾಗಿ ಕೀಮೋ. ಇದು ಔಷಧ. ರಕ್ತದಲ್ಲಿ ಸೇರಿ ಮೈಯೆಲ್ಲ ಹರಿಯುತ್ತದೆ. ಕಾಲುವೆ ನೀರು ಹೊಲದ ಮೂಲೆ ಮೂಲೆಗೂ ಹೋಗುವ ಹಾಗೆ.

ಈಗ ಅತ್ತೆಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಕಣ್ಣಿಗೆ ಕಾಣುವ ಗಡ್ಡೆಯನ್ನು ಆಪರೇಷನ್ ತೆಗೆಯಿತು. ಕಣ್ಣಿಗೆ ಕಾಣದ ಬೀಜ ಎಲ್ಲಾದರೂ ಬಿದ್ದಿದ್ದರೆ ಅದನ್ನು ಕೊಲ್ಲಲು ಕೀಮೋ.

ಎಲ್ಲ ಕ್ಯಾನ್ಸರಿಗೂ ಕೀಮೋ ಬೇಕಿಲ್ಲ. ಕೆಲವರಿಗೆ ಆಪರೇಷನ್ ಸಾಕು. ಕೆಲವರಿಗೆ ಗಡ್ಡೆ ಚಿಕ್ಕದಾಗಲಿ ಎಂದು ಆಪರೇಷನ್‌ಗೆ ಮೊದಲೇ ಕೀಮೋ ಕೊಡುತ್ತಾರೆ. ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ಎಷ್ಟೋ ಸಲ ವಿಕಿರಣದ ಜೊತೆಯಲ್ಲೇ ಕೀಮೋ ಕೊಡುತ್ತಾರೆ. ರಕ್ತದ ಕ್ಯಾನ್ಸರಿನಲ್ಲಿ ಕತ್ತರಿಸಲು ಗಡ್ಡೆಯೇ ಇರುವುದಿಲ್ಲ. ಅಲ್ಲಿ ಕೀಮೋನೇ ಮುಖ್ಯ ಔಷಧ. ರಕ್ತದ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಬಹಳ ಮಂದಿ ಕೀಮೋದಿಂದ ಗುಣವಾಗಿ ಶಾಲೆಗೆ ಹೋಗುತ್ತಿದ್ದಾರೆ.

ಕಾಯಿಲೆ ಬಹಳ ಮುಂದೆ ಹೋಗಿದ್ದರೆ ಕೀಮೋ ಪೂರ್ತಿ ಗುಣ ಮಾಡದೆ ಇರಬಹುದು. ಆಗಲೂ ನೋವು ತಗ್ಗಿಸಲು, ಆಯಸ್ಸು ಹೆಚ್ಚಿಸಲು ಕೊಡುತ್ತಾರೆ. ನಮ್ಮ ಮನೆಯವರಿಗೆ ಯಾವುದಕ್ಕಾಗಿ ಕೊಡುತ್ತಿದ್ದಾರೆ ಎಂದು ವೈದ್ಯರನ್ನು ಕೇಳಬಹುದು. ಕೇಳುವುದು ತಪ್ಪಲ್ಲ. ಕೇಳುವುದು ನಮ್ಮ ಹಕ್ಕು.

3. ನಿತ್ಯಪುಷ್ಪದ ಕತೆ

ಕೀಮೋ ಔಷಧ ಎಲ್ಲಿಂದ ಬಂತು? ಒಂದು ಔಷಧ ನಮ್ಮ ಅಂಗಳದ ಗಿಡದಿಂದಲೇ ಬಂತು!

ನಿತ್ಯಪುಷ್ಪ ನೋಡಿದ್ದೀರಿ. ಕಾಶಿ ಕಣಗಿಲೆ ಎಂದೂ ಕರೆಯುತ್ತಾರೆ. ಬಿಳಿ ಹೂ, ಗುಲಾಬಿ ಬಣ್ಣದ ಹೂ. ನೀರು ಹಾಕದಿದ್ದರೂ ಬೆಳೆಯುತ್ತದೆ. 1950ರ ದಶಕದಲ್ಲಿ ಕೆನಡಾ ದೇಶದ ವಿಜ್ಞಾನಿಗಳು ಇದರ ಎಲೆಯನ್ನು ಪರೀಕ್ಷೆ ಮಾಡಿದರು. ಅದರಲ್ಲಿ ಬಿಳಿ ರಕ್ತಕಣ ತಗ್ಗಿಸುವ ಗುಣ ಕಂಡಿತು. ಮುಂದೆ ಈ ಗಿಡದಿಂದ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಎಂಬ ಎರಡು ಔಷಧಗಳು ಬಂದವು. ಮಕ್ಕಳ ರಕ್ತದ ಕ್ಯಾನ್ಸರಿಗೆ ವಿನ್‌ಕ್ರಿಸ್ಟಿನ್ ಇಂದಿಗೂ ಕೊಡುತ್ತಾರೆ.

ಆದರೆ ಎಚ್ಚರ! ಈ ಗಿಡದ ಎಲೆಯನ್ನು ಮನೆಯಲ್ಲಿ ಅರೆದು ಕುಡಿಯಬಾರದು. ಅದು ವಿಷ. ಕಾರ್ಖಾನೆಯಲ್ಲಿ ಶುದ್ಧ ಮಾಡಿ, ತೂಕ ಹಾಕಿ, ಸರಿಯಾದ ಅಳತೆಯಲ್ಲಿ ಕೊಟ್ಟರೆ ಮಾತ್ರ ಅದು ಔಷಧ.

ಇನ್ನೊಂದು ಔಷಧ ಇದೆ. ಹೆಸರು ಮೆಥೊಟ್ರೆಕ್ಸೇಟ್. ಇದರ ಹಿಂದೆ ಒಬ್ಬ ಭಾರತೀಯರ ದುಡಿಮೆ ಇದೆ. ಅವರು ಆಂಧ್ರದ ಭೀಮಾವರದಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅವರು ಅಮೆರಿಕಕ್ಕೆ ಹೋಗಿ ಸಂಶೋಧನೆ ಮಾಡಿದರು. ಅವರ ತಂಡ ಸಿದ್ಧ ಮಾಡಿದ ಇಂಥ ಔಷಧಗಳನ್ನೇ ವೈದ್ಯ ಸಿಡ್ನಿ ಫಾರ್ಬರ್ 1947ರ ಹೊತ್ತಿಗೆ ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟು ನೋಡಿದರು. ಕೆಲವು ಮಕ್ಕಳು ಸ್ವಲ್ಪ ಕಾಲ ಚೇತರಿಸಿಕೊಂಡರು. ಅಲ್ಲಿಂದ ದಾರಿ ತೆರೆಯಿತು.

4. ಕೀಮೋ ಹೇಗೆ ಕೊಡುತ್ತಾರೆ?

ಕೀಮೋ ದಿನ ಅತ್ತೆ ಸೊಸೆ ಬೆಳಗ್ಗೆ ಬೇಗ ಎದ್ದರು. ಅತ್ತೆಗೆ ಕೈ ನಡುಗುತ್ತಿತ್ತು.

"ಆಪರೇಷನ್ ಥರ ಕುಯ್ತಾರೇನೋ ಕಣೇ."

"ಇಲ್ಲ ಅತ್ತೆ. ಗ್ಲೂಕೋಸ್ ಹಾಕ್ತಾರಲ್ಲ, ಹಾಗೇ ಅಂತೆ."

ಸೊಸೆ ಹೇಳಿದ್ದು ಸರಿ. ಮೊದಲು ಸಿಸ್ಟರ್ ಅತ್ತೆಯ ಎತ್ತರ, ತೂಕ ನೋಡಿದರು. ಯಾಕೆ ಗೊತ್ತೇ? ಎತ್ತರ, ತೂಕ ನೋಡಿ ಔಷಧದ ಅಳತೆ ಹಾಕುತ್ತಾರೆ. ಆಮೇಲೆ ರಕ್ತ ಪರೀಕ್ಷೆ ಆಯಿತು. ವಾಂತಿ ಬಾರದಿರಲು ಮೊದಲೇ ಔಷಧ ಕೊಟ್ಟರು. ಕೈಯ ನರಕ್ಕೆ ಸೂಜಿ ಹಾಕಿದರು. ಬಾಟಲಿ ತೂಗು ಹಾಕಿದರು. ಹನಿ ಹನಿಯಾಗಿ ಔಷಧ ಇಳಿಯಿತು. ಕೆಲವು ಗಂಟೆ ಅತ್ತೆ ಮಲಗಿದ್ದರು. ಸಂಜೆ ಹೊರಟರು.

ಒಂದು ಔಷಧ ಕೆಂಪಾಗಿತ್ತು. ಸಿಸ್ಟರ್ ಹೇಳಿದರು: "ಅಮ್ಮ, ಒಂದೆರಡು ದಿನ ಉಚ್ಚೆ ಕೆಂಪಗೆ ಹೋಗುತ್ತೆ. ಅದು ರಕ್ತ ಅಲ್ಲ, ಔಷಧದ ಬಣ್ಣ. ಹೆದರಬೇಡಿ."

ಮತ್ತೊಂದು ಮಾತನ್ನೂ ಹೇಳಿದರು: "ಔಷಧ ಹೋಗುವಾಗ ಸೂಜಿ ಜಾಗದಲ್ಲಿ ಉರಿ ಬಂದರೆ, ಊದಿಕೊಂಡರೆ ತಕ್ಷಣ ಕೂಗಿ. ತಡ್ಕೊಂಡು ಸುಮ್ಮನೆ ಇರಬೇಡಿ."

ಇದು ಬಹಳ ಮುಖ್ಯ. ನಮ್ಮ ಹೆಣ್ಣುಮಕ್ಕಳಿಗೆ ನೋವು ತಡೆದುಕೊಂಡು ಅಭ್ಯಾಸ. ಇಲ್ಲಿ ಹಾಗೆ ಮಾಡಬಾರದು. ಔಷಧ ನರದಿಂದ ಹೊರಗೆ ಸೋರಿದರೆ ಅಲ್ಲಿನ ಚರ್ಮ, ಮಾಂಸ ಸುಟ್ಟ ಹಾಗೆ ಆಗಬಹುದು.

ಎಲ್ಲ ಕೀಮೋ ಸೂಜಿಯಲ್ಲೇ ಕೊಡುವುದಿಲ್ಲ. ಕೆಲವು ಗುಳಿಗೆ ರೂಪದಲ್ಲೂ ಇವೆ. ಗುಳಿಗೆ ಎಂದು ಹಗುರವಾಗಿ ನೋಡಬೇಡಿ. ಅದೂ ಅಷ್ಟೇ ಜೋರಿನ ಔಷಧ. ದಿನ, ಹೊತ್ತು, ಲೆಕ್ಕ ತಪ್ಪಬಾರದು.

5. ಆರು ಸುತ್ತು ಯಾಕೆ?

ಒಂದು ಸಲ ಕಳೆ ತೆಗೆದರೆ ಆಯಿತೇ? ಇಲ್ಲ. ಮಣ್ಣಿನಲ್ಲಿ ಇದ್ದ ಬೀಜ ಮತ್ತೆ ಮೊಳೆಯುತ್ತದೆ. ಆಗ ಮತ್ತೆ ತೆಗೆಯಬೇಕು.

ಕೀಮೋ ಔಷಧ ಒಡೆಯುತ್ತಿರುವ ಜೀವಕೋಶವನ್ನು ಹೆಚ್ಚಾಗಿ ಕೊಲ್ಲುತ್ತದೆ. ಆ ದಿನ ಸುಮ್ಮನೆ ಕೂತಿದ್ದ ಕ್ಯಾನ್ಸರ್ ಜೀವಕೋಶ ತಪ್ಪಿಸಿಕೊಳ್ಳುತ್ತದೆ. ಮುಂದಿನ ಸುತ್ತಿನಲ್ಲಿ ಅದನ್ನು ಹಿಡಿಯಬೇಕು. ಅದಕ್ಕೇ ಸುತ್ತಿನ ಮೇಲೆ ಸುತ್ತು.

ನಡುವೆ ಬಿಡುವು ಯಾಕೆ? ಒಳ್ಳೆಯ ಜೀವಕೋಶಗಳಿಗೂ ಪೆಟ್ಟು ಬಿದ್ದಿರುತ್ತದೆ. ರಕ್ತ ಮತ್ತೆ ಕೂಡಿಕೊಳ್ಳಬೇಕು. ಅದಕ್ಕೆ ಸಮಯ ಬೇಕು. ಕೆಲವು ಔಷಧಕ್ಕೆ 21 ದಿನ. ಕೆಲವಕ್ಕೆ 14 ದಿನ. ಕೆಲವು ಔಷಧ ವಾರಕ್ಕೊಂದು ಸಲ. ನಿಮ್ಮ ಫೈಲಿನಲ್ಲಿ ಬರೆದಿರುತ್ತಾರೆ. ಓದಿಕೊಳ್ಳಿ.

ಸೊಸೆ ಮನೆಗೆ ಬಂದು ಗೋಡೆಯ ಕ್ಯಾಲೆಂಡರ್ ತೆಗೆದಳು. ಬೆರಳಿಟ್ಟು ಎಣಿಸಿದಳು. ಕೆಂಪು ಪೆನ್ನಿನಿಂದ ಗುಂಡು ಸುತ್ತಿದಳು.

1ನೇ ಸುತ್ತು – ಜೂನ್ 2
2ನೇ ಸುತ್ತು – ಜೂನ್ 23
3ನೇ ಸುತ್ತು – ಜುಲೈ 14

"ಮೂರನೇದು ರಾಗಿ ಬಿತ್ತೋ ಹೊತ್ತಿಗೆ ಬಂತಲ್ಲೇ," ಅಂದರು ಅತ್ತೆ. "ಬಿತ್ತನೆ ಮುಗಿಸ್ಕೊಂಡು ಹೋದರಾಯ್ತು."

"ಬಿತ್ತನೆಗೆ ಆಳು ಸಿಗ್ತಾರೆ ಅತ್ತೆ. ನಿಮ್ಮಂಥವರು ಸಿಗ್ತಾರಾ?"

6. ಪೈರಿಗೂ ಸ್ವಲ್ಪ ಪೆಟ್ಟು

ಕಳೆಗೆ ಔಷಧ ಹೊಡೆದರೆ ಪೈರೂ ಸ್ವಲ್ಪ ಬಾಡುತ್ತದೆ. ಆಮೇಲೆ ಚಿಗುರುತ್ತದೆ. ಕೀಮೋದಲ್ಲೂ ಹೀಗೇ.

ನಮ್ಮ ಮೈಯಲ್ಲಿ ಬೇಗ ಬೇಗ ಒಡೆಯುವ ಒಳ್ಳೆಯ ಜೀವಕೋಶಗಳೂ ಇವೆ. ಕೂದಲಿನ ಬೇರು, ಬಾಯಿಯ ಒಳಪದರ, ಹೊಟ್ಟೆ ಮತ್ತು ಕರುಳಿನ ಒಳಪದರ, ರಕ್ತ ಹುಟ್ಟುವ ಮೂಳೆಯ ಮಜ್ಜೆ. ಔಷಧಕ್ಕೆ ಇವು ಬೇರೆ, ಕ್ಯಾನ್ಸರ್ ಬೇರೆ ಎಂದು ಪೂರ್ತಿ ಗೊತ್ತಾಗುವುದಿಲ್ಲ. ಹಾಗಾಗಿ ಇವಕ್ಕೂ ಪೆಟ್ಟು. ಇದಕ್ಕೆ ಅಡ್ಡ ಪರಿಣಾಮ ಎನ್ನುತ್ತಾರೆ.

ಕೂದಲು: ಮೊದಲ ಸುತ್ತು ಆಗಿ ಎರಡು ಮೂರು ವಾರಕ್ಕೆ ಉದುರಲು ಶುರುವಾಗುತ್ತದೆ. ಎಲ್ಲ ಔಷಧಕ್ಕೂ ಉದುರುವುದಿಲ್ಲ. ಚಿಕಿತ್ಸೆ ಮುಗಿದ ಮೇಲೆ ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ.

ವಾಂತಿ, ಓಕರಿಕೆ: ಇದಕ್ಕೆ ಈಗ ಒಳ್ಳೆಯ ಗುಳಿಗೆ ಇವೆ. ವಾಂತಿ ಬಂದ ಮೇಲೆ ನುಂಗುವುದಲ್ಲ. ಹೇಳಿದ ಹೊತ್ತಿಗೆ ಮೊದಲೇ ನುಂಗಬೇಕು.

ಬಾಯಿ ಹುಣ್ಣು: ಕಾಯಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು ಹಾಕಿ ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸಿ. ಮೆತ್ತನೆಯ ಬ್ರಷ್ ಬಳಸಿ. ಖಾರ ಬೇಡ. ಎಲೆ ಅಡಿಕೆ, ಹೊಗೆಸೊಪ್ಪು ಬೇಡವೇ ಬೇಡ.

ಸುಸ್ತು: ಕೆಲವು ದಿನ ಏಳಲೂ ಆಗುವುದಿಲ್ಲ. ಇದು ಸೋಮಾರಿತನ ಅಲ್ಲ. ಮನೆಯವರು ಕೆಲಸ ಹಂಚಿಕೊಳ್ಳಬೇಕು.

ಕೈಕಾಲು ಜುಮ್ಮೆನ್ನುವುದು: ಕೆಲವು ಔಷಧಕ್ಕೆ ಬೆರಳು ಮರಗಟ್ಟುತ್ತವೆ. ಆಗ ಬಿಸಿ ಪಾತ್ರೆ ಹಿಡಿದರೂ ಸುಡುವುದು ಗೊತ್ತಾಗುವುದಿಲ್ಲ. ಒಲೆ ಮುಂದೆ ಹುಷಾರು. ವೈದ್ಯರಿಗೂ ಹೇಳಿ.

ಮುಟ್ಟು: ಮುಟ್ಟು ಏರುಪೇರಾಗಬಹುದು, ನಿಲ್ಲಬಹುದು. ಆದರೂ ಬಸಿರಾಗುವ ಸಾಧ್ಯತೆ ಇರುತ್ತದೆ. ಕೀಮೋ ನಡೆಯುವಾಗ ಬಸಿರಾದರೆ ಮಗುವಿಗೆ ಅಪಾಯ. ಬಸಿರಿದ್ದರೆ, ಮಗುವಿಗೆ ಹಾಲು ಕೊಡುತ್ತಿದ್ದರೆ, ಮುಂದೆ ಮಕ್ಕಳು ಬೇಕು ಎಂದಿದ್ದರೆ ಕೀಮೋ ಶುರುವಾಗುವ ಮೊದಲೇ ವೈದ್ಯರಿಗೆ ಹೇಳಿ. ನಾಚಿಕೆ ಬೇಡ.

ಎಲ್ಲರಿಗೂ ಇವೆಲ್ಲ ಬರುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಥರ.

ಅತ್ತೆಗೆ ಕೂದಲು ಉದುರಿತು. ತಲೆ ಬಾಚಿದರೆ ಹಿಡಿ ಹಿಡಿ ಕೈಗೆ ಬಂತು. ಅತ್ತೆ ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ಎರಡು ದಿನ ಊಟ ಸೇರಲಿಲ್ಲ.

"ಮುಂದಿನ ಸಲ ನಾನು ಹೋಗಲ್ಲ ಕಣವ್ವ. ಸಾಯೋದಿದ್ದರೆ ತಲೆ ತುಂಬ ಕೂದಲು ಇಟ್ಕೊಂಡೇ ಸಾಯ್ತೀನಿ."

ಸೊಸೆ ತಕ್ಷಣ ಏನೂ ಹೇಳಲಿಲ್ಲ. ಪಕ್ಕದಲ್ಲಿ ಕೂತಳು. ಆಮೇಲೆ ತನ್ನ ಹಳೆಯ ಹತ್ತಿ ಸೀರೆ ಹರಿದು ಮೆತ್ತನೆಯ ವಸ್ತ್ರ ಮಾಡಿ ತಲೆಗೆ ಕಟ್ಟಿದಳು. ಮೊಮ್ಮಗಳು ಬಂದು ನೋಡಿ, "ಅಜ್ಜಿ, ತಿರುಪತಿಗೆ ಹೋಗಿದ್ದೆಯಾ?" ಅಂದಳು. ಅತ್ತೆಗೆ ಅಳುವಿನಲ್ಲೂ ನಗು ಬಂತು.

ಎರಡನೇ ಸುತ್ತಿಗೆ ಅತ್ತೆ ಹೋದರು.

7. ಆ ರಾತ್ರಿ

ಎರಡನೇ ಸುತ್ತು ಆಗಿ ಹತ್ತು ದಿನ ಆಗಿತ್ತು. ರಾತ್ರಿ ಅತ್ತೆಗೆ ಚಳಿ ಬಂತು. ಎರಡು ಕಂಬಳಿ ಹೊದಿಸಿದರೂ ನಡುಕ ನಿಲ್ಲಲಿಲ್ಲ.

ಮಗ ಹೇಳಿದ: "ಮಳೇಲಿ ನೆಂದಿರಬೇಕು. ಒಂದು ಜ್ವರದ ಗುಳಿಗೆ ಕೊಡು. ಬೆಳಗ್ಗೆ ನೋಡೋಣ."

ಸೊಸೆ ಥರ್ಮಾಮೀಟರ್ ಇಟ್ಟಳು. ಬೀಪ್ ಅಂತು. ದೀಪದ ಹತ್ತಿರ ಹಿಡಿದು ಓದಿದಳು.

"ನೂರಾ ಒಂದು ಪಾಯಿಂಟ್ ಎರಡು."

ಆಮೇಲೆ ಆಸ್ಪತ್ರೆಯ ಫೈಲು ತೆರೆದಳು. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು. ಅಕ್ಷರ ಕೂಡಿಸಿ ಓದಿದಳು.

"ಜ್ವರ 100.4 ಅಥವಾ ಹೆಚ್ಚು ಇದ್ದರೆ ತಕ್ಷಣ ಆಸ್ಪತ್ರೆಗೆ ಬನ್ನಿ."

"ರೀ, ತಕ್ಷಣ ಅಂತ ಬರೆದಿದೆ. ಬೆಳಗ್ಗೆ ಅಂತ ಬರೆದಿಲ್ಲ. ಗುಳಿಗೆ ಬೇಡ. 108ಕ್ಕೆ ಫೋನ್ ಮಾಡಿ."

ಆಂಬುಲೆನ್ಸ್ ಬಂತು. ಜಿಲ್ಲಾ ಆಸ್ಪತ್ರೆಗೆ ಹೋದರು. ಬಾಗಿಲಲ್ಲೇ ಸೊಸೆ ಫೈಲು ತೋರಿಸಿ ಹೇಳಿದಳು: "ಕೀಮೋ ಆಗಿದೆ. ಇವತ್ತಿಗೆ ಹತ್ತು ದಿನ. ಜ್ವರ 101.2."

ಆ ಮೂರು ಮಾತು ಕೇಳಿದ ವೈದ್ಯರು ತಡ ಮಾಡಲಿಲ್ಲ. ರಕ್ತ ತೆಗೆದರು. ಕೂಡಲೇ ನರಕ್ಕೆ ಔಷಧ ಹಾಕಿದರು. ನಾಲ್ಕು ದಿನ ಅತ್ತೆ ಆಸ್ಪತ್ರೆಯಲ್ಲಿ ಇದ್ದರು. ಜ್ವರ ಇಳಿಯಿತು. ಮನೆಗೆ ಬಂದರು.

ಇಲ್ಲಿ ನಡೆದದ್ದು ಏನು? ತಿಳಿಯೋಣ.

ರಕ್ತದಲ್ಲಿ ಬಿಳಿ ರಕ್ತಕಣಗಳು ಇವೆ. ಇವು ಊರ ಕಾವಲುಗಾರರ ಹಾಗೆ. ಹೊರಗಿನ ರೋಗಾಣು ಬಂದರೆ ಹೊಡೆದು ಓಡಿಸುತ್ತವೆ. ಕೀಮೋ ಆದ ಮೇಲೆ ಇವು ಕಡಿಮೆ ಆಗುತ್ತವೆ. ಸಾಮಾನ್ಯವಾಗಿ 7ನೇ ದಿನದಿಂದ 14ನೇ ದಿನದವರೆಗೆ ಬಹಳ ಕಡಿಮೆ. ಕಾವಲುಗಾರ ಇಲ್ಲದ ಊರಿಗೆ ಕಳ್ಳ ನುಗ್ಗಿದರೆ ಗತಿ ಏನು? ಸಣ್ಣ ಸೋಂಕೂ ಕೆಲವೇ ಗಂಟೆಯಲ್ಲಿ ಮೈಯೆಲ್ಲ ಹಬ್ಬಬಹುದು. ಜೀವಕ್ಕೇ ಅಪಾಯ.

ಈ ಹೊತ್ತಿನಲ್ಲಿ ಜ್ವರ ಒಂದೇ ಎಚ್ಚರಿಕೆಯ ಗಂಟೆ ಇರಬಹುದು. ಮನೆಯಲ್ಲೇ ಜ್ವರದ ಗುಳಿಗೆ ಕೊಟ್ಟರೆ ಆ ಗಂಟೆ ಬಾಯಿ ಮುಚ್ಚುತ್ತದೆ. ಕಳ್ಳ ಮಾತ್ರ ಒಳಗೇ ಇರುತ್ತಾನೆ.

ನೆನಪಿಡಿ

ಕೀಮೋ ಆದವರಿಗೆ ಈ ಕೆಳಗಿನ ಯಾವುದಾದರೂ ಆದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಹಗಲಾದರೂ ಸರಿ, ರಾತ್ರಿಯಾದರೂ ಸರಿ.

* ಜ್ವರ 100.4 ಅಥವಾ ಹೆಚ್ಚು. ಮೈ ನಡುಗುವ ಚಳಿ.
* ಮೂಗು, ವಸಡಿನಲ್ಲಿ ರಕ್ತ. ಮಲ ಕಪ್ಪಗೆ ಹೋಗುವುದು.
* ನೀರೂ ನಿಲ್ಲದಷ್ಟು ವಾಂತಿ.
* ನಿಲ್ಲದ ಭೇದಿ.
* ಉಸಿರಾಟಕ್ಕೆ ಕಷ್ಟ.
* ಸೂಜಿ ಹಾಕಿದ ಜಾಗ ಕೆಂಪಾಗಿ, ಉರಿದು, ಊದಿಕೊಳ್ಳುವುದು.

ಫೈಲು ತೆಗೆದುಕೊಂಡು ಹೋಗಿ. "ಕೀಮೋ ಆಗಿದೆ" ಎಂದು ಮೊದಲ ಮಾತಿನಲ್ಲೇ ಹೇಳಿ.

8. ವೈದ್ಯರು ಮುಂದೆ ಹಾಕುವುದು ಬೇರೆ, ನಾವು ಬಿಡುವುದು ಬೇರೆ

ಜುಲೈ 14ಕ್ಕೆ ಮೂರನೇ ಸುತ್ತಿಗೆ ಹೋದರು. ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣ ಇನ್ನೂ ಕಡಿಮೆ ಇತ್ತು. ವೈದ್ಯರು ಹೇಳಿದರು: "ಇವತ್ತು ಬೇಡ. ಒಂದು ವಾರ ಬಿಟ್ಟು ಬನ್ನಿ." ಜುಲೈ 21ಕ್ಕೆ ಮೂರನೇ ಸುತ್ತು ಆಯಿತು.

ಇದು ವೈದ್ಯರು ರಕ್ತ ನೋಡಿ ಮಾಡಿದ ತೀರ್ಮಾನ. ಹಬ್ಬ ಬಂತು, ಬಿತ್ತನೆ ಬಂತು, ಮದುವೆ ಬಂತು ಎಂದು ನಾವಾಗಿ ಬಿಡುವುದು ಬೇರೆ. ಅರ್ಧಕ್ಕೆ ಬಿಟ್ಟರೆ ಉಳಿದ ಕಳೆ ಮತ್ತೆ ಎದ್ದು ನಿಲ್ಲಬಹುದು. ಆಗ ಮೊದಲಿನ ಔಷಧಕ್ಕೆ ಅದು ಬಗ್ಗದೆ ಹೋಗಬಹುದು. ತೊಂದರೆ ಹೆಚ್ಚಾದರೆ ಬಿಡಬೇಡಿ, ವೈದ್ಯರಿಗೆ ಹೇಳಿ. ಅವರು ಅಳತೆ ಬದಲಿಸುತ್ತಾರೆ, ಇಲ್ಲವೇ ಔಷಧ ಬದಲಿಸುತ್ತಾರೆ.

9. ಜನ ಹೇಳುವ ಮಾತು

ಒಂದು ದಿನ ಪಕ್ಕದ ಮನೆಯ ಹಿರಿಯಮ್ಮ ಬಂದರು. ಜಗುಲಿ ಮೇಲೆ ಕೂತು ಹೇಳಿದರು:

"ನಿಮ್ಮತ್ತೆಗೆ ತಟ್ಟೆ ಲೋಟ ಬೇರೆ ಇಡು ಕಣಮ್ಮ. ಮಕ್ಕಳನ್ನ ಹತ್ತಿರ ಬಿಡಬೇಡ. ಅಂಟಿಕೊಂಡರೆ?"

"ಕ್ಯಾನ್ಸರ್ ಅಂಟುರೋಗ ಅಲ್ಲ ದೊಡ್ಡಮ್ಮ. ಜೊತೆಗೆ ಉಂಡರೆ ಬರಲ್ಲ, ಮುಟ್ಟಿದರೂ ಬರಲ್ಲ. ಆದರೆ ನಿಮಗೆ ನೆಗಡಿ ಕೆಮ್ಮು ಇದ್ದರೆ ಅತ್ತೆ ಹತ್ತಿರ ಬರಬೇಡಿ. ನಮ್ಮಿಂದ ಅವರಿಗೆ ಅಂಟೋದೇ ಅಪಾಯ."

"ಮತ್ತೆ ಬರೀ ಗಂಜಿ ಕೊಡು. ಮೊಟ್ಟೆ, ಬೇಳೆ ಎಲ್ಲ ನಂಜು."

"ವೈದ್ಯರು ಮೊಟ್ಟೆ, ಬೇಳೆ, ಸೊಪ್ಪು ಎಲ್ಲ ಕೊಡಿ ಅಂದಿದ್ದಾರೆ. ರಕ್ತ ಕೂಡಬೇಕಲ್ಲ."

"ನಾಟಿ ಔಷಧ ಕೊಡೋರು ಒಬ್ಬರಿದ್ದಾರೆ…"

"ಅದನ್ನ ವೈದ್ಯರನ್ನ ಕೇಳದೆ ಕೊಡಲ್ಲ ದೊಡ್ಡಮ್ಮ. ಎರಡು ಔಷಧ ಒಂದಕ್ಕೊಂದು ಹೊಡೆದಾಡಿದರೆ ಅತ್ತೆ ಮೈಗೇ ಕೇಡು."

ಹಿರಿಯಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನನ್ನ ತಂಗಿಗೂ ಎದೇಲಿ ಗಂಟು ಇದೆ ಕಣಮ್ಮ. ಯಾರಿಗೂ ಹೇಳಿಲ್ಲ," ಅಂದರು.

ಮರುದಿನವೇ ಸೊಸೆ ಆ ತಂಗಿಯನ್ನು ಆಶಾ ಕಾರ್ಯಕರ್ತೆಯ ಹತ್ತಿರ ಕರೆದುಕೊಂಡು ಹೋದಳು.

10. ಮನೆಯಲ್ಲಿ ಏನು ಮಾಡಬೇಕು?

ಊಟ: ಬಿಸಿಯಾಗಿ, ಆಗ ಮಾಡಿದ್ದು. ತಂಗಳು ಬೇಡ. ಹೊಟ್ಟೆ ತುಂಬ ಒಂದೇ ಸಲ ಬೇಡ. ಸ್ವಲ್ಪ ಸ್ವಲ್ಪ, ಐದಾರು ಸಲ. ಮುದ್ದೆ, ಅನ್ನ, ಸೊಪ್ಪಿನ ಸಾರು, ಬೇಳೆ, ಚೆನ್ನಾಗಿ ಬೇಯಿಸಿದ ಮೊಟ್ಟೆ. ಹಣ್ಣನ್ನು ತೊಳೆದು ಸಿಪ್ಪೆ ತೆಗೆದು ಕೊಡಿ. ಹಸಿ ತರಕಾರಿ, ರಸ್ತೆ ಬದಿ ತಿಂಡಿ ಬೇಡ.

ನೀರು: ಕುದಿಸಿ ಆರಿಸಿದ್ದು. ವೈದ್ಯರು ಬೇಡ ಎನ್ನದಿದ್ದರೆ ದಿನಕ್ಕೆ 8 ರಿಂದ 10 ಲೋಟ.

ಕೈ ತೊಳೆಯುವುದು: ಅಡುಗೆ ಮಾಡುವವರು, ಬಡಿಸುವವರು, ರೋಗಿ, ಎಲ್ಲರೂ ಸೋಪು ಹಾಕಿ ತೊಳೆಯಿರಿ. ಸಗಣಿ ಬಾಚುವ ಕೆಲಸ, ಕೊಟ್ಟಿಗೆ ಕೆಲಸ ರೋಗಿಗೆ ಬೇಡ.

ಕಕ್ಕಸು: ಕೀಮೋ ಆದ ಎರಡು ದಿನ ಉಚ್ಚೆ, ಮಲ, ವಾಂತಿಯಲ್ಲಿ ಔಷಧ ಇರುತ್ತದೆ. ಕಕ್ಕಸಿಗೆ ಎರಡು ಸಲ ನೀರು ಹಾಕಿ. ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಕೈಗೆ ರಬ್ಬರ್ ಕೈಚೀಲ ಹಾಕಿಕೊಳ್ಳಿ. ಬಸುರಿಯರು ಇದನ್ನು ಮುಟ್ಟಬಾರದು. ಹಾಗೆಂದು ರೋಗಿಯನ್ನು ದೂರ ಇಡಬೇಕಿಲ್ಲ. ಜೊತೆಯಲ್ಲಿ ಕೂರಬಹುದು, ಅಪ್ಪಿಕೊಳ್ಳಬಹುದು.

11. ಹಣ ಎಲ್ಲಿಂದ?

ಎಷ್ಟೋ ಮನೆಗಳಲ್ಲಿ ಹಣ ಇಲ್ಲ ಎಂದೇ ಚಿಕಿತ್ಸೆ ನಿಲ್ಲುತ್ತದೆ. ಹೊಲ ಮಾರುವ ಮೊದಲು ಇದನ್ನು ಓದಿ.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಎಂಬ ಯೋಜನೆ 2018ರಿಂದ ಇದೆ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ನೆರವು ಸಿಗುತ್ತದೆ. ಕ್ಯಾನ್ಸರ್ ಚಿಕಿತ್ಸೆಯೂ ಇದರಲ್ಲಿ ಸೇರಿದೆ. ರೇಷನ್ ಕಾರ್ಡು, ಆಧಾರ್ ಕಾರ್ಡು ತೆಗೆದುಕೊಂಡು ಹೋಗಿ. ಆಸ್ಪತ್ರೆಯಲ್ಲಿ "ಆರೋಗ್ಯ ಮಿತ್ರ ಎಲ್ಲಿದ್ದಾರೆ?" ಎಂದು ಕೇಳಿ. ಅವರು ದಾರಿ ತೋರಿಸುತ್ತಾರೆ.

ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಕಿದ್ವಾಯಿ ಆಸ್ಪತ್ರೆ ಇದೆ. 1973ರಲ್ಲಿ ಶುರುವಾಯಿತು. ಕ್ಯಾನ್ಸರಿಗೆಂದೇ ಇರುವ ಸರ್ಕಾರದ ದೊಡ್ಡ ಆಸ್ಪತ್ರೆ. ದೂರದಿಂದ ಬಂದವರಿಗೆ ಧರ್ಮಶಾಲೆ ಇದೆ. ಕಲಬುರಗಿಯಲ್ಲಿ ಇದರ ಶಾಖೆ ಇದೆ. ಹುಬ್ಬಳ್ಳಿಯ ನವನಗರದಲ್ಲೂ ಕ್ಯಾನ್ಸರ್ ಆಸ್ಪತ್ರೆ ಇದೆ. 2025ರಿಂದ ಕೆಲವು ಜಿಲ್ಲಾ ಆಸ್ಪತ್ರೆಗಳಲ್ಲೂ ಕೀಮೋ ಕೊಡುವ ಕೇಂದ್ರ ಶುರುವಾಗಿದೆ. ನಿಮ್ಮ ಜಿಲ್ಲೆಯಲ್ಲಿ ಇದೆಯೇ ಎಂದು ಕೇಳಿ. ಹತ್ತಿರ ಇದ್ದರೆ ದಾರಿ ಖರ್ಚು ಉಳಿಯುತ್ತದೆ.

ನಮ್ಮ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ 2023ರ ಜೂನ್‌ನಿಂದ ಪ್ರಯಾಣ ಉಚಿತ. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ರಿಯಾಯಿತಿ ಇದೆ. ಅದಕ್ಕೆ ಆಸ್ಪತ್ರೆಯ ಪತ್ರ ಬೇಕು.

ಆರೋಗ್ಯದ ಬಗ್ಗೆ ಏನೇ ಕೇಳಬೇಕಾದರೂ 104ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬೇಕಾದರೆ 108.

12. ಆರನೇ ಸುತ್ತು

ಅತ್ತೆ ಆರು ಸುತ್ತನ್ನೂ ಮುಗಿಸಿದರು. ಆ ಹೊತ್ತಿಗೆ ಹೊಲದಲ್ಲಿ ರಾಗಿ ತೆನೆ ಬಿಡುತ್ತಿತ್ತು. ವೈದ್ಯರು ಹೇಳಿದರು: "ಮೂರು ತಿಂಗಳಿಗೆ ಒಂದು ಸಲ ಬಂದು ತೋರಿಸಿ. ಹುಷಾರಾಗಿದ್ದೇನೆ ಎಂದು ಬರುವುದು ಬಿಡಬೇಡಿ." ಕ್ಯಾನ್ಸರ್ ಮತ್ತೆ ಬಂದರೆ ಬೇಗ ತಿಳಿಯಲಿ ಎಂದು ಈ ತಪಾಸಣೆ.

ಅತ್ತೆ ಈಗ ಕ್ಯಾಲೆಂಡರ್ ಮುಂದೆ ನಿಲ್ಲುತ್ತಾರೆ. ಕೆಂಪು ಗುಂಡಿನ ಒಳಗಿನ ಅಂಕಿ ಯಾವುದು ಎಂದು ಸೊಸೆಯನ್ನು ಕೇಳುತ್ತಾರೆ. ಒಂದರಿಂದ ಮೂವತ್ತೊಂದರವರೆಗೆ ಅಂಕಿ ಕಲಿತಿದ್ದಾರೆ.

ಅಭ್ಯಾಸ

ಅ. ಹೌದು ಅಥವಾ ಇಲ್ಲ ಎಂದು ಬರೆಯಿರಿ.

1. ಕ್ಯಾನ್ಸರ್ ಅಂಟುರೋಗ.
2. ಕೀಮೋದಿಂದ ಉದುರಿದ ಕೂದಲು ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ.
3. ಕೀಮೋ ಆದವರಿಗೆ ಜ್ವರ ಬಂದರೆ ಬೆಳಗಿನವರೆಗೆ ಕಾಯಬಹುದು.
4. ನಿತ್ಯಪುಷ್ಪದ ಎಲೆಯನ್ನು ಮನೆಯಲ್ಲಿ ಅರೆದು ಕುಡಿಯಬಹುದು.

ಆ. ಬಿಟ್ಟ ಜಾಗ ತುಂಬಿ.

1. ಕೀಮೋ ಔಷಧ ________ ಮೂಲಕ ಮೈಯೆಲ್ಲ ಹರಿಯುತ್ತದೆ.
2. ಊರಿಗೆ ಕಾವಲುಗಾರ ಇದ್ದ ಹಾಗೆ ಮೈಗೆ ________ ರಕ್ತಕಣ.
3. ಆಂಬುಲೆನ್ಸ್ ಕರೆಯುವ ನಂಬರ್ ________.

ಇ. ಥರ್ಮಾಮೀಟರ್ ಓದಿ.

ಕೀಮೋ ಆದ ನಾಲ್ವರ ಜ್ವರ ಹೀಗಿದೆ: 98.6, 100.9, 99.1, 102.0. ಯಾರು ಯಾರು ತಕ್ಷಣ ಆಸ್ಪತ್ರೆಗೆ ಹೋಗಬೇಕು? ಆ ಅಂಕಿಗೆ ಗುಂಡು ಸುತ್ತಿ.

ಈ. ಕ್ಯಾಲೆಂಡರ್ ನೋಡಿ ಲೆಕ್ಕ ಮಾಡಿ.

ಅತ್ತೆಯ 3ನೇ ಸುತ್ತು ಜುಲೈ 21ಕ್ಕೆ ಆಯಿತು. 21 ದಿನಕ್ಕೆ ಒಂದು ಸುತ್ತು. 4ನೇ ಸುತ್ತು ಯಾವ ದಿನ? 5ನೇದು? 6ನೇದು? ಜುಲೈ ಮತ್ತು ಆಗಸ್ಟ್ ತಿಂಗಳಲ್ಲಿ 31 ದಿನ ಇವೆ, ಮರೆಯಬೇಡಿ.

(ಉತ್ತರ: ಆಗಸ್ಟ್ 11, ಸೆಪ್ಟೆಂಬರ್ 1, ಸೆಪ್ಟೆಂಬರ್ 22.)

ಉ. ಗುಂಪಿನಲ್ಲಿ ಮಾತಾಡಿ.

1. ಸೊಸೆಗೆ ಓದಲು ಬಾರದೆ ಇದ್ದಿದ್ದರೆ ಆ ರಾತ್ರಿ ಏನಾಗುತ್ತಿತ್ತು?
2. ಅತ್ತೆ ಗಂಟನ್ನು ಯಾಕೆ ಮುಚ್ಚಿಟ್ಟರು? ನಮ್ಮ ಊರಲ್ಲೂ ಹೀಗೆ ಮುಚ್ಚಿಡುತ್ತಾರೆಯೇ?
3. ನೋವಿಲ್ಲದ ಗಂಟು, ಮಾಯದ ಹುಣ್ಣು, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಹೋಗುವುದು – ಇವು ಕಂಡರೆ ಮೊದಲು ಯಾರಿಗೆ ಹೇಳುತ್ತೀರಿ?

ಊ. ನೀವೇ ಬರೆಯಿರಿ.

ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಇವನ್ನು ಬರೆದು ಮನೆಯ ಗೋಡೆಗೆ ಅಂಟಿಸಿ: ನಿಮ್ಮ ಊರಿನ ಆಶಾ ಕಾರ್ಯಕರ್ತೆಯ ಹೆಸರು, ಅವರ ಫೋನ್ ನಂಬರ್, ಹತ್ತಿರದ ಆಸ್ಪತ್ರೆಯ ಹೆಸರು, 104, 108.